ಏರೋ ಇಂಡಿಯಾದಲ್ಲಿ ಸಣ್ಣ ಕಾರ್ಖಾನೆಯ ಮಳಿಗೆ: ಒಂದು ದಿನವನ್ನು ನಡೆಸುವ ಬಗೆ

ಯಲಹಂಕದ ವಾಯುನೆಲೆಯಲ್ಲಿ 1996ರಲ್ಲಿ ಆರಂಭವಾದ ಏರೋ ಇಂಡಿಯಾ ವೈಮಾನಿಕ ಪ್ರದರ್ಶನವು ಎರಡು ವರ್ಷಕ್ಕೊಮ್ಮೆ, ಹೆಚ್ಚಾಗಿ ಫೆಬ್ರವರಿಯಲ್ಲಿ ನಡೆಯುತ್ತ ಬಂದಿದೆ. 2025ರದು ಅದರ ಹದಿನೈದನೆಯ ಆವೃತ್ತಿ. ಬೆಂಗಳೂರಿನ ಬಹುಪಾಲು ಜನರಿಗೆ ಅದು ತಲೆಯ ಮೇಲೆ ವಿಮಾನಗಳು ಗುಡುಗುವ, ಬಳ್ಳಾರಿ ರಸ್ತೆಯಲ್ಲಿ ವಾಹನಗಳು ನಿಂತಲ್ಲೇ ನಿಲ್ಲುವ ವಾರ. ಪೀಣ್ಯದಲ್ಲಿಯೋ ಬೊಮ್ಮಸಂದ್ರದಲ್ಲಿಯೋ ಬೆಳಗಾವಿಯಲ್ಲಿಯೋ ಗಣಕ ನಿಯಂತ್ರಣದಲ್ಲಿ ಲೋಹ ಕಡೆಯುವ ಏಳೆಂಟು ಸಿಎನ್‌ಸಿ ಯಂತ್ರಗಳನ್ನಿಟ್ಟುಕೊಂಡು ವಿಮಾನದ ಬಿಡಿಭಾಗಗಳನ್ನು ಮಾಡಿಕೊಡುವ ಸಣ್ಣ ಕಾರ್ಖಾನೆಗಾದರೋ ಅದು ಐದು ದಿನಗಳ ಸಂತೆ. ಆ ಸಂತೆಯಲ್ಲಿ ಒಂಬತ್ತು ಚದರ ಮೀಟರಿನ ಮಳಿಗೆ ಹಿಡಿದು, ನಾಲ್ಕು ಜನರ ತಂಡದೊಂದಿಗೆ ಮೊದಲ ಬಾರಿಗೆ ನಿಲ್ಲಲಿರುವವರನ್ನು ಮನಸ್ಸಿನಲ್ಲಿಟ್ಟುಕೊಂಡು ಈ ಲೇಖನವನ್ನು ಬರೆದಿದ್ದೇನೆ.

ಮೊದಲ ಸಲ ನಾವು ಮೈಸೂರುಪಾಕಿನ ಖಾಲಿ ಡಬ್ಬಿಯೊಂದರ ತುಂಬ ವಿಸಿಟಿಂಗ್ ಕಾರ್ಡುಗಳನ್ನು ತುಂಬಿಕೊಂಡು ಹೆಮ್ಮೆಯಿಂದ ಕಾರ್ಖಾನೆಗೆ ಮರಳಿದೆವು. ವಾರ ಕಳೆದು ಡಬ್ಬಿ ತೆರೆದಾಗ ಯಾವ ಕಾರ್ಡಿನವರು ಏನು ಕೇಳಿದ್ದರು, ನಾವು ಏನು ಒಪ್ಪಿಕೊಂಡಿದ್ದೆವು ಎಂಬುದು ನಾಲ್ವರಲ್ಲಿ ಒಬ್ಬರಿಗೂ ನೆನಪಿರಲಿಲ್ಲ. ಮಳಿಗೆಯ ಬಾಡಿಗೆ, ಅಲಂಕಾರ, ನಾಲ್ವರ ಐದು ದಿನಗಳ ದುಡಿಮೆ ಎಲ್ಲವೂ ಆ ಡಬ್ಬಿಯಲ್ಲೇ ಉಳಿಯಿತು. ಕೆಳಗೆ ಹೇಳಿರುವ ಹೆಚ್ಚಿನ ಕ್ರಮಗಳು ಆ ಒಂದು ತಪ್ಪನ್ನು ಮತ್ತೆ ಮಾಡದಿರುವುದಕ್ಕಾಗಿ ಹುಟ್ಟಿಕೊಂಡವು.

ಮೊದಲ ಹೆಜ್ಜೆ: ಯಾರನ್ನು ಕಾಣಬೇಕೆಂದು ತೀರ್ಮಾನಿಸುವುದು

ಪ್ರದರ್ಶನಕ್ಕೆ ಎರಡು ತಿಂಗಳು ಮೊದಲೇ ಹದಿನೈದು ಹೆಸರುಗಳ ಒಂದು ಪಟ್ಟಿ ಮಾಡಿಕೊಳ್ಳಬೇಕು. ನಮ್ಮಂಥ ಉಪಗುತ್ತಿಗೆಯ ಕಾರ್ಖಾನೆಗೆ ಗಿರಾಕಿಗಳೆಂದರೆ ಬಹುತೇಕ ಅದೇ ಪ್ರದರ್ಶನದಲ್ಲಿ ತಾವೂ ಮಳಿಗೆ ಹಾಕಿರುವ ಸಂಸ್ಥೆಗಳು: ಎಚ್‌ಎಎಲ್‌ನಂಥ ಸಾರ್ವಜನಿಕ ಉದ್ಯಮ, ಏರ್‌ಬಸ್ ಮತ್ತು ಬೋಯಿಂಗ್‌ನಂಥ ವಿಮಾನ ತಯಾರಕರು, ಅವರಿಗೆ ಜೋಡಣೆಗಳನ್ನು ಪೂರೈಸುವ ಮೊದಲ ಸಾಲಿನ ಕಂಪನಿಗಳು. ಬೆಂಗಳೂರಿನಲ್ಲಿಯೇ ಏರ್‌ಬಸ್ ಎ320 ವಿಮಾನದ ರೆಕ್ಕೆಗೆ ಸೇರುವ ಫ್ಲ್ಯಾಪ್ ಟ್ರ್ಯಾಕ್ ಬೀಮ್ ಎಂಬ ಭಾಗ ತಯಾರಾಗುತ್ತದೆ. ಬೆಳಗಾವಿಯ ಬಳಿ ವೈಮಾನಿಕ ಬಿಡಿಭಾಗಗಳಿಗೆಂದೇ ವಿಶೇಷ ಆರ್ಥಿಕ ವಲಯವಿದೆ. ಹೀಗಿರುವಾಗ ದೂರದ ದೇಶದ ಗಿರಾಕಿಯೇ ಬೇಕೆಂದು ಹಂಬಲಿಸುವುದಕ್ಕಿಂತ, ಹತ್ತು ಕಿಲೋಮೀಟರು ದೂರದಲ್ಲಿರುವ ಮೊದಲ ಸಾಲಿನ ಪೂರೈಕೆದಾರನ ಖರೀದಿ ವಿಭಾಗದವರನ್ನು ಪಟ್ಟಿಯ ಮೇಲ್ಭಾಗದಲ್ಲಿ ಬರೆದುಕೊಳ್ಳುವುದು ಜಾಣತನವೆಂದು ನನ್ನ ಅಭಿಪ್ರಾಯ. ಪಟ್ಟಿಯಲ್ಲಿರುವ ಪ್ರತಿಯೊಬ್ಬರಿಗೂ ಮುಂಚಿತವಾಗಿಯೇ ಮಿಂಚಂಚೆ ಬರೆದು, ದಿನ ಮತ್ತು ಗಂಟೆಯನ್ನು ನಿಗದಿಪಡಿಸಿಕೊಳ್ಳಬೇಕು. ಉದ್ಘಾಟನೆಯ ದಿನದ ಪೂರ್ವಾಹ್ನಕ್ಕೆ ಮಾತ್ರ ಯಾವ ಭೇಟಿಯನ್ನೂ ಇಟ್ಟುಕೊಳ್ಳಬಾರದು. ಗಣ್ಯರು ಬರುವ ಹೊತ್ತಿನಲ್ಲಿ ದಾರಿಗಳು ಮುಚ್ಚುತ್ತವೆ; ನೂರು ಮೀಟರು ದೂರದ ಇನ್ನೊಂದು ಹಾಲ್‌ಗೆ ಹೋಗುವುದಕ್ಕೂ ಅರ್ಧ ಗಂಟೆ ಕಾಯಬೇಕಾಗಬಹುದು.

ಎರಡನೆಯ ಹೆಜ್ಜೆ: ಏನನ್ನು ಮೇಜಿನ ಮೇಲೆ ಇಡಬಹುದು, ಏನನ್ನು ಇಡಬಾರದು

ಇದು ಎಲ್ಲಕ್ಕಿಂತ ಹೆಚ್ಚು ಎಚ್ಚರ ಬೇಡುವ ವಿಷಯ. ನಮ್ಮ ಕಾರ್ಖಾನೆಯಲ್ಲಿ ತಯಾರಾದ ಭಾಗವೆಂದ ಮಾತ್ರಕ್ಕೆ ಅದನ್ನು ಪ್ರದರ್ಶಿಸುವ ಹಕ್ಕು ನಮ್ಮದಾಗುವುದಿಲ್ಲ. ಭಾಗದ ವಿನ್ಯಾಸ, ಡ್ರಾಯಿಂಗ್, ಅಳತೆ ಎಲ್ಲವೂ ಗಿರಾಕಿಯ ಸ್ವತ್ತು. ಬಹುಪಾಲು ಖರೀದಿ ಆದೇಶಗಳ ಹಿಂಬದಿಯ ಸಣ್ಣಕ್ಷರದ ಷರತ್ತುಗಳಲ್ಲಿ ಅದು ಸ್ಪಷ್ಟವಾಗಿಯೇ ಇರುತ್ತದೆ. ಆದ್ದರಿಂದ ಪ್ರದರ್ಶಿಸಬೇಕೆಂದಿರುವ ಪ್ರತಿಯೊಂದು ಭಾಗಕ್ಕೂ ಆ ಗಿರಾಕಿಯಿಂದ ಲಿಖಿತ ಅನುಮತಿ ಪಡೆದು, ಅದರ ಪ್ರತಿಯನ್ನು ಮಳಿಗೆಯಲ್ಲಿಯೇ ಇಟ್ಟುಕೊಳ್ಳಬೇಕು. ಭಾಗದ ಮೇಲೆ ಕೊರೆದಿರುವ ಸಂಖ್ಯೆ ಕಾಣದಂತೆ ಮುಚ್ಚುವುದು ಒಳ್ಳೆಯದು. ಗೋಡೆಯ ಮೇಲಿನ ಭಿತ್ತಿಚಿತ್ರದಲ್ಲಿ ಗಿರಾಕಿಗಳ ಲಾಂಛನಗಳನ್ನು ಸಾಲಾಗಿ ಹಾಕಿಸುವ ಚಾಳಿ ನಮ್ಮಲ್ಲಿ ಹೆಚ್ಚು. ಅದಕ್ಕೂ ಅನುಮತಿ ಬೇಕು. ನಮ್ಮನ್ನು ಪರೀಕ್ಷಿಸಲು ಬಂದ ಹೊಸ ಗಿರಾಕಿಯು ಬೇರೆಯವರ ಡ್ರಾಯಿಂಗ್ ನಮ್ಮ ಮೇಜಿನ ಮೇಲೆ ಬಿದ್ದಿರುವುದನ್ನು ಕಂಡರೆ, ನಾಳೆ ತನ್ನದಕ್ಕೂ ಅದೇ ಗತಿಯೆಂದು ಲೆಕ್ಕ ಹಾಕಿ ಸುಮ್ಮನೆ ಹೊರಟುಹೋಗುತ್ತಾನೆ.

ಇನ್ನೊಂದು ಕಟ್ಟುಪಾಡು ರಫ್ತು ನಿಯಂತ್ರಣದ್ದು. ರಕ್ಷಣೆ ಮತ್ತು ವೈಮಾನಿಕ ಕ್ಷೇತ್ರದ ಅನೇಕ ವಸ್ತುಗಳು ಹಾಗೂ ಅವುಗಳ ತಂತ್ರಜ್ಞಾನವು ವಿದೇಶ ವ್ಯಾಪಾರ ಮಹಾನಿರ್ದೇಶನಾಲಯದ ಸ್ಕೊಮೆಟ್ ಎಂಬ ರಫ್ತು ನಿಯಂತ್ರಣದ ಪಟ್ಟಿಯಲ್ಲಿ ಬರುತ್ತವೆ. ಪೆಟ್ಟಿಗೆಯಲ್ಲಿ ವಸ್ತುವನ್ನು ಕಳುಹಿಸಿದರಷ್ಟೇ ರಫ್ತು ಎಂದುಕೊಳ್ಳಬಾರದು. ಅಂಥ ಭಾಗದ ಡ್ರಾಯಿಂಗನ್ನೋ ತಯಾರಿಕೆಯ ವಿವರವನ್ನೋ ಪರದೇಶದವರಿಗೆ ಮಿಂಚಂಚೆಯಲ್ಲಿ ಕಳುಹಿಸಿದರೂ ಅದಕ್ಕೆ ಪರವಾನಗಿ ಬೇಕಾಗಬಹುದು. ಮಳಿಗೆಯಲ್ಲಿ ನಿಲ್ಲುವ ನಾಲ್ವರಿಗೂ ಇದು ತಿಳಿದಿರಬೇಕು. ಏಕೆಂದರೆ ಉತ್ಸಾಹದಲ್ಲಿ ಫೋನಿನಿಂದ ಒಂದು ಚಿತ್ರ ಕಳುಹಿಸುವುದಕ್ಕೆ ಅರ್ಧ ನಿಮಿಷ ಸಾಕು.

ಇಷ್ಟೆಲ್ಲ ಕತ್ತರಿಸಿದ ಮೇಲೆ ಉಳಿಯುವುದೇನು ಎಂದು ಕೇಳಬಹುದು. ನನ್ನ ಸಲಹೆಯೆಂದರೆ, ಇಪ್ಪತ್ತು ಹೊಳೆಯುವ ಭಾಗಗಳನ್ನು ಜೋಡಿಸಿಡುವುದರ ಬದಲು ನಾವೇ ವಿನ್ಯಾಸ ಮಾಡಿದ ಒಂದೇ ಮಾದರಿ ಭಾಗವನ್ನು ನಾಲ್ಕು ಅವಸ್ಥೆಗಳಲ್ಲಿ ಇಡುವುದು: ಅಲ್ಯೂಮಿನಿಯಂ ಗಟ್ಟಿ, ಒರಟಾಗಿ ಕಡೆದ ರೂಪ, ಅಂತಿಮ ಕಡೆತದ ನಂತರದ ರೂಪ, ಆನೊಡೈಸ್ ಆದ (ಮೇಲ್ಮೈಗೆ ರಕ್ಷಣೆಯ ಪದರ ಬಂದ) ರೂಪ. ಪಕ್ಕದಲ್ಲಿ ಒಂದು ಗಾಜಿನ ಬಟ್ಟಲಿನಲ್ಲಿ ಆ ಭಾಗದಿಂದ ಹೊರಬಂದ ಚೂರುಗಳನ್ನು ತುಂಬಿಡಬೇಕು. ವಿಮಾನದ ಭಾಗಗಳಲ್ಲಿ ಹತ್ತು ಕಿಲೋ ಗಟ್ಟಿಯಿಂದ ಒಂದು ಕಿಲೋ ಭಾಗವಷ್ಟೇ ಉಳಿಯುವುದು ಅಪರೂಪವಲ್ಲ. ಹಾಗೆ ತೊಂಬತ್ತು ಪಾಲು ಲೋಹವನ್ನು ತೆಗೆದ ಮೇಲೂ ತೆಳುಗೋಡೆ ಬಾಗದಂತೆ ಹಿಡಿದಿಡುವುದೇ ನಮ್ಮ ಕಸುಬು. ತಿಳಿದವನು ಆ ಚೂರಿನ ಬಟ್ಟಲನ್ನು ನೋಡಿದ ಕೂಡಲೇ ಕಡೆಯುವಾಗ ಭಾಗವನ್ನು ಹಿಡಿದಿಡುವ ಫಿಕ್ಸ್ಚರಿನ ಬಗ್ಗೆ ಪ್ರಶ್ನೆ ಕೇಳುತ್ತಾನೆ, ಮಾತು ಅಲ್ಲಿಂದ ತಾನಾಗಿ ಬೆಳೆಯುತ್ತದೆ. ಭಾಗದ ಜೊತೆಗೆ ಅದನ್ನು ಅಳೆದ ಸಿಎಂಎಂ ಎಂಬ ಅಳತೆಯಂತ್ರದ ವರದಿಯನ್ನೂ ಇಡಬೇಕು. ಹೊಳಪನ್ನು ಯಾರು ಬೇಕಾದರೂ ತರಬಹುದಾದ್ದರಿಂದ ಖರೀದಿಯವರು ನಂಬುವುದು ವರದಿಯನ್ನು.

ಮೂರನೆಯ ಹೆಜ್ಜೆ: ಪಾಸು, ಮಳಿಗೆ, ಕಾಗದಪತ್ರ

ಸಣ್ಣ ಸಂಸ್ಥೆಗಳು ಸಾಮಾನ್ಯವಾಗಿ ಪಡೆಯುವುದು ಶೆಲ್ ಸ್ಕೀಮ್ ಮಳಿಗೆ, ಅಂದರೆ ಮೂರು ಕಡೆ ಗೋಡೆ, ಮೇಲೆ ಹೆಸರಿನ ಪಟ್ಟಿ, ಮೇಜು, ಕುರ್ಚಿ, ದೀಪ, ಒಂದು ವಿದ್ಯುತ್ ಪ್ಲಗ್ ಇಷ್ಟು ಸಿದ್ಧವಾಗಿ ಸಿಗುವ ಜಾಗ. ಹೆಸರಿನ ಪಟ್ಟಿಯ ಅರ್ಜಿಯಲ್ಲಿ ಕಂಪನಿಯ ಹೆಸರನ್ನು ಎರಡು ಸಲ ಪರೀಕ್ಷಿಸಿ ಕಳುಹಿಸಬೇಕು. ತಪ್ಪಾಗಿ ಅಚ್ಚಾದ ಹೆಸರಿನ ಕೆಳಗೆ ಐದು ದಿನ ನಿಲ್ಲುವುದು ಹಿತವಲ್ಲ. ಪ್ರದರ್ಶಕರ ಕೈಪಿಡಿಯನ್ನು ಆರಂಭದಿಂದ ಕೊನೆಯವರೆಗೆ ಓದುವ ಒಬ್ಬನಾದರೂ ತಂಡದಲ್ಲಿರಬೇಕು, ಏಕೆಂದರೆ ಸಾಮಗ್ರಿ ಒಳತರುವ ದಿನಾಂಕ, ಹೆಚ್ಚುವರಿ ವಿದ್ಯುತ್ತಿನ ಕೋರಿಕೆ, ನಿಷೇಧಿತ ವಸ್ತುಗಳು ಇವೆಲ್ಲ ಅದರಲ್ಲಿಯೇ ಇರುತ್ತವೆ.

ಪಾಸುಗಳ ವಿಷಯದಲ್ಲಿ ಒಂದು ಗೊಂದಲವನ್ನು ಬಗೆಹರಿಸಿಬಿಡುತ್ತೇನೆ. ವೈಮಾನಿಕ ಹಾರಾಟವನ್ನು ನೋಡುವ ಆವರಣಕ್ಕೆಂದೇ ಆಡ್ವಾ ಎಂಬ ಬೇರೆ ಪಾಸು ಇದೆ. ಅದನ್ನು ಹಿಡಿದವರಿಗೆ ಪ್ರದರ್ಶನದ ಹಾಲ್‌ಗಳಿಗೆ ಪ್ರವೇಶವಿಲ್ಲ. ಗಿರಾಕಿಯೊಬ್ಬರಿಗೆ ಪ್ರೀತಿಯಿಂದ ಆ ಪಾಸು ಕೊಟ್ಟು, ಅವರು ಬೇಲಿಯ ಆಚೆ ನಿಂತು ಫೋನು ಮಾಡಿದ ಪ್ರಸಂಗ ನಮ್ಮ ಪಕ್ಕದ ಮಳಿಗೆಯಲ್ಲಿಯೇ ನಡೆಯಿತು. ಮಳಿಗೆಗೆ ಬರಬೇಕಾದವರಿಗೆ ವ್ಯಾಪಾರ ಸಂದರ್ಶಕರ ಪಾಸೇ ಬೇಕು. ವಾಯುಪಡೆಯ ನೆಲೆಯಾದ್ದರಿಂದ ವಿದೇಶೀಯರ ಪಾಸ್‌ಪೋರ್ಟ್ ವಿವರಗಳನ್ನು ಬಹಳ ಮುಂಚಿತವಾಗಿ ಸಲ್ಲಿಸುವುದು ಕ್ಷೇಮ.

ಸೂಕ್ಷ್ಮ ಮತ್ತು ಸಣ್ಣ ಉದ್ಯಮಗಳಿಗೆ ಮಳಿಗೆಯ ಬಾಡಿಗೆಯ ಒಂದಂಶವನ್ನು ಮರುಪಾವತಿ ಮಾಡುವ ಕೇಂದ್ರ ಸರ್ಕಾರದ ಯೋಜನೆಗಳಿವೆ. ಉದ್ಯಮ್ ನೋಂದಣಿ ಪತ್ರ, ಪಾವತಿಯ ರಸೀತಿ, ಮಳಿಗೆಯ ಫೋಟೊ ಇವುಗಳನ್ನು ಒಂದು ಕಡತದಲ್ಲಿ ಇಟ್ಟುಕೊಂಡಿದ್ದರೆ ಆಮೇಲೆ ಹುಡುಕಾಡುವುದು ತಪ್ಪುತ್ತದೆ.

ನಾಲ್ಕನೆಯ ಹೆಜ್ಜೆ: ನಾಲ್ವರ ನಡುವೆ ಕೆಲಸ ಹಂಚುವುದು

ತಂಡದಲ್ಲಿ ಮಾಲೀಕರು ಅಥವಾ ನಿರ್ಧಾರ ಹೇಳಬಲ್ಲ ಒಬ್ಬರು, ಮಾರಾಟ ನೋಡಿಕೊಳ್ಳುವ ಒಬ್ಬರು, ಯಂತ್ರಗಳ ಮೇಲ್ವಿಚಾರಕ ಹಾಗೂ ಗುಣಮಟ್ಟ ವಿಭಾಗದ ಇಂಜಿನಿಯರ್ ಇರಲೇಬೇಕು. ಕೊನೆಯ ಇಬ್ಬರನ್ನು ಕಾರ್ಖಾನೆಯಲ್ಲಿಯೇ ಬಿಟ್ಟು ಬರುವವರು ಹೆಚ್ಚು. ಆದರೆ ಗಂಭೀರವಾಗಿ ವಿಚಾರಿಸುವವನು ಕೇಳುವ ಎರಡನೆಯ ಪ್ರಶ್ನೆಗೇ ಅವರು ಬೇಕಾಗುತ್ತಾರೆ: ಟೈಟಾನಿಯಂ ಕಡೆಯುತ್ತೀರಾ, ಯಾವ ಗಾತ್ರದವರೆಗೆ, ಶಾಖ ಸಂಸ್ಕರಣೆ, ಲೇಪನದಂಥ ವಿಶೇಷ ಪ್ರಕ್ರಿಯೆಗಳಿಗೆ ನ್ಯಾಡ್‌ಕ್ಯಾಪ್ ಮಾನ್ಯತೆ ಯಾರ ಬಳಿ ಇದೆ, ಮೊದಲ ಭಾಗದ ತಪಾಸಣಾ ವರದಿಯನ್ನು ಎಎಸ್ 9102 ನಮೂನೆಯಲ್ಲಿ ಕೊಡುತ್ತೀರಾ. ನಮ್ಮ ಹುಡುಗರಿಗೆ ಇದೆಲ್ಲ ಕರತಲಾಮಲಕ. ಇಂಗ್ಲಿಷಿನಲ್ಲಿ ಹೇಳಬೇಕಾಗುವುದೆಂಬ ಅಳುಕು ಮಾತ್ರ ಇರುತ್ತದೆ. ಅದಕ್ಕೆ ಭಾಷಣ ಕಲಿಸಬೇಕಿಲ್ಲ. ಯಂತ್ರದ ಹಾಸಿನ ಅಳತೆ, ಹಿಡಿಯಬಲ್ಲ ಟಾಲರೆನ್ಸ್ (ಅಳತೆಯಲ್ಲಿ ಒಪ್ಪಬಹುದಾದ ವ್ಯತ್ಯಾಸ), ತಿಂಗಳಿಗೆ ಉಳಿದಿರುವ ಯಂತ್ರಗಂಟೆ, ಪ್ರಮಾಣಪತ್ರಗಳು, ಹೊರಗೆ ಮಾಡಿಸುವ ಕೆಲಸಗಳು ಎಂಬ ಐದು ವಿಷಯಗಳನ್ನು ಅಂಕಿಗಳೊಂದಿಗೆ ಐದು ಚಿಕ್ಕ ವಾಕ್ಯಗಳಲ್ಲಿ ಹೇಳಲು ಎರಡು ಸಂಜೆ ಅಭ್ಯಾಸ ಮಾಡಿಸಿದರೆ ಸಾಕು. ಎಚ್‌ಎಎಲ್, ಎನ್‌ಎಎಲ್, ಎಡಿಎಯಂಥ ವೈಮಾನಿಕ ಸಂಸ್ಥೆಗಳಿಂದ ಬರುವ ಎಷ್ಟೋ ಇಂಜಿನಿಯರುಗಳು ಪರಿಚಯವಾದ ಮರುಗಳಿಗೆಯಲ್ಲಿ ಕನ್ನಡಕ್ಕೆ ಹೊರಳುತ್ತಾರೆ ಎಂಬುದೂ ನಿಜ.

ವೈಮಾನಿಕ ಉದ್ಯಮದ ಗುಣಮಟ್ಟ ವ್ಯವಸ್ಥೆಗೆ ಸಿಗುವ ಎಎಸ್ 9100 ಪ್ರಮಾಣಪತ್ರದ ಬಗ್ಗೆ ಉತ್ಪ್ರೇಕ್ಷೆ ಮಾಡಲೇಬಾರದು. ಪ್ರಮಾಣಿತ ಸಂಸ್ಥೆಗಳ ವಿವರ ಒಯಸಿಸ್ ಎಂಬ ಅಂತರರಾಷ್ಟ್ರೀಯ ದತ್ತಸಂಚಯದಲ್ಲಿ ಇರುವುದರಿಂದ, ಖರೀದಿಯವರು ಅಂದೇ ರಾತ್ರಿ ಹೋಟೆಲಿನಲ್ಲಿ ಕುಳಿತು ಪರಿಶೀಲಿಸಬಲ್ಲರು. ಪ್ರಕ್ರಿಯೆ ನಡೆಯುತ್ತಿದ್ದರೆ ನಡೆಯುತ್ತಿದೆ ಎಂದೇ ಹೇಳಬೇಕು.

ಐದನೆಯ ಹೆಜ್ಜೆ: ಹಿಂದಿನ ಸಂಜೆ

ಮಳಿಗೆಯ ಜೋಡಣೆಯ ಸ್ಪ್ಯಾನರು, ಕತ್ತರಿ, ಡ್ರಿಲ್ ಇವುಗಳ ಕೆಲಸವೆಲ್ಲ ಸಿದ್ಧತೆಯ ದಿನಗಳಲ್ಲಿಯೇ ಮುಗಿಯಬೇಕು. ಪ್ರದರ್ಶನ ಶುರುವಾದ ಮೇಲೆ ಅಂಥವನ್ನು ಭದ್ರತಾ ದ್ವಾರದಲ್ಲಿ ಒಳಬಿಡುವರೆಂದು ನಂಬಿಕೊಳ್ಳಬಾರದು. ಒಳಗೆ ತಂದ ಪ್ರತಿಯೊಂದು ಭಾಗ, ಲ್ಯಾಪ್‌ಟಾಪ್, ಪರದೆ ಇವುಗಳ ಪಟ್ಟಿಯನ್ನು ಮೂರು ಪ್ರತಿಗಳಲ್ಲಿ ಮಾಡಿಟ್ಟುಕೊಂಡರೆ ಹೊರಗೆ ಒಯ್ಯುವ ದಿನ ಗೇಟ್ ಪಾಸಿಗೆ ಅನುಕೂಲ. ಅಂದು ಸಂಜೆ ಚೀಲದಲ್ಲಿ ಇರಬೇಕಾದವು: ಗುರುತಿನ ಚೀಟಿಯ ಮೂಲಪ್ರತಿ, ವಿದ್ಯುತ್ ವಿಸ್ತರಣೆಯ ಸ್ಪೈಕ್ ಬೋರ್ಡ್, ಬಂದವರೊಡನೆ ಆಡಿದ ಮಾತನ್ನು ಬರೆದಿಡುವ ಇನ್ನೂರು ‘ಮಾತಿನ ಚೀಟಿ’ಗಳ ಪುಸ್ತಕ, ಸ್ಟೇಪ್ಲರ್, ಪೆನ್ನುಗಳು, ಒರೆಸುವ ಮೃದು ಬಟ್ಟೆ, ಸ್ವಲ್ಪ ನಗದು, ಗಂಟಲು ಕಟ್ಟಿದರೆ ಬೇಕಾಗುವ ಶುಂಠಿ ಅಥವಾ ಲವಂಗ. ಫೆಬ್ರವರಿಯ ಯಲಹಂಕದಲ್ಲಿ ಬೆಳಗಿನ ಚಳಿ, ಮಧ್ಯಾಹ್ನದ ಬಿಸಿಲು, ದಿನವಿಡೀ ಧೂಳು ಮೂರೂ ಇರುತ್ತವೆ. ಕಾಲಿಗೆ ಹೊಸ ಶೂ ಬೇಡ.

ಲಕ್ಷಾಂತರ ಫೋನುಗಳು ಒಂದೇ ಕಡೆ ಸೇರುವುದರಿಂದ ಇಂಟರ್‌ನೆಟ್ ಆಗಾಗ ಸತ್ತಂತಾಗುತ್ತದೆ. ಆದ್ದರಿಂದ ಕಂಪನಿಯ ವಿಡಿಯೊ, ಪರಿಚಯ ಕಡತ, ಪ್ರಮಾಣಪತ್ರಗಳು ಎಲ್ಲವೂ ಲ್ಯಾಪ್‌ಟಾಪಿನೊಳಗೇ ಇರಬೇಕು. ಕ್ಯುಆರ್ ಸಂಕೇತವನ್ನು ಜಾಲತಾಣದ ಕೊಂಡಿಯಾಗಿ ಮಾಡಿಸದೆ, ನೇರವಾಗಿ ಹೆಸರು, ಫೋನು, ಮಿಂಚಂಚೆ ಇವುಗಳನ್ನೇ ಒಳಗೊಂಡ ಸಂಪರ್ಕ ಸಂಕೇತವಾಗಿ ಮಾಡಿಸಿದರೆ ನೆಟ್‌ವರ್ಕ್ ಇಲ್ಲದಿದ್ದರೂ ಅದು ಕೆಲಸ ಮಾಡುತ್ತದೆ.

ಆರನೆಯ ಹೆಜ್ಜೆ: ಬೆಳಗಿನ ದಾರಿ

ಪೀಣ್ಯದಿಂದ ಹೊರಡುವವರು ಆರು ಗಂಟೆಯೊಳಗೆ ರಸ್ತೆಯಲ್ಲಿರಬೇಕು. ಸಂಚಾರ ಪೊಲೀಸರು ಪ್ರತಿ ಆವೃತ್ತಿಯಲ್ಲಿಯೂ ಪಾಸಿನ ಬಗೆಗೆ ತಕ್ಕಂತೆ ದ್ವಾರ ಮತ್ತು ನಿಲುಗಡೆಯನ್ನು ಬದಲಿಸಿ ಪ್ರಕಟಿಸುತ್ತಾರೆ. ಹಿಂದಿನ ರಾತ್ರಿ ಅದನ್ನು ನೋಡಿಯೇ ಮಲಗಬೇಕು. ನಾಲ್ವರೂ ಒಂದೇ ವಾಹನದಲ್ಲಿ ಬರುವುದಕ್ಕಿಂತ ಇಬ್ಬಿಬ್ಬರಾಗಿ ಬರುವುದು ಲೇಸು, ಒಂದು ಜೋಡಿ ಸಿಕ್ಕಿಕೊಂಡರೂ ಮಳಿಗೆ ಹೊತ್ತಿಗೆ ಸರಿಯಾಗಿ ತೆರೆಯುತ್ತದೆ. 2019ರ ಫೆಬ್ರವರಿ 23ರಂದು ವಾಹನ ನಿಲುಗಡೆಯ ಮೈದಾನದಲ್ಲಿ ಹೊತ್ತಿಕೊಂಡ ಬೆಂಕಿಗೆ ಸುಮಾರು 300 ಕಾರುಗಳು ಸುಟ್ಟುಹೋದವು. ಅಂದಿನಿಂದ ನಾನಂತೂ ಲ್ಯಾಪ್‌ಟಾಪನ್ನಾಗಲಿ, ಕಾಗದಪತ್ರಗಳನ್ನಾಗಲಿ ಕಾರಿನಲ್ಲಿ ಬಿಡುವುದಿಲ್ಲ, ಒಣಹುಲ್ಲಿನ ಮೇಲೆ ಗಾಡಿ ನಿಲ್ಲಿಸುವುದೂ ಇಲ್ಲ.

ಹೊರ ಊರಿನಿಂದ ಅದೇ ದಿನ ವಿಮಾನದಲ್ಲಿ ಬರುವ ಗಿರಾಕಿಯಿದ್ದರೆ, ಹಾರಾಟದ ಅಭ್ಯಾಸ ಮತ್ತು ಪ್ರದರ್ಶನದ ಹೊತ್ತಿನಲ್ಲಿ ಕೆಂಪೇಗೌಡ ವಿಮಾನನಿಲ್ದಾಣದ ಸಂಚಾರವನ್ನು ಕೆಲವು ಗಂಟೆ ನಿಲ್ಲಿಸಲಾಗುತ್ತದೆ ಎಂಬುದನ್ನು ಅವರಿಗೆ ಮುಂಚಿತವಾಗಿ ತಿಳಿಸಬೇಕು.

ಏಳನೆಯ ಹೆಜ್ಜೆ: ಮಳಿಗೆಯಲ್ಲಿ ಮಾತು, ಮಾತಿನ ಚೀಟಿ

ಮಳಿಗೆಯ ಮೇಜನ್ನು ಮುಂದಿಟ್ಟುಕೊಂಡು ಅದರ ಹಿಂದೆ ಕುಳಿತರೆ ಅದು ಬ್ಯಾಂಕಿನ ಕೌಂಟರಿನಂತಾಗುತ್ತದೆ. ಮೇಜನ್ನು ಬದಿಯ ಗೋಡೆಗೆ ಸರಿಸಿ, ಒಬ್ಬರು ದಾರಿಯ ಅಂಚಿನಲ್ಲಿ, ಇನ್ನೊಬ್ಬರು ಒಳಗೆ ಭಾಗಗಳ ಬಳಿ ನಿಲ್ಲಬೇಕು. ಒಮ್ಮೆಗೆ ಇಬ್ಬರೇ, ನಾಲ್ವರೂ ನಿಂತರೆ ಬಂದವರಿಗೆ ನಿಲ್ಲಲು ಜಾಗವಿರುವುದಿಲ್ಲ. ಎರಡು ಗಂಟೆಗೊಮ್ಮೆ ಪಾಳಿ ಬದಲಾಗಬೇಕು.

ಬಂದವರಿಗೆ ನಮ್ಮ ಕಂಪನಿಯ ಚರಿತ್ರೆಯನ್ನು ಹೇಳಲು ತೊಡಗುವ ಮೊದಲು ಅವರ ಎದೆಯ ಮೇಲಿನ ಪಾಸನ್ನು ಓದಿ, ನಮಸ್ಕಾರ ಹೇಳಿ, ಅವರು ಯಾವ ಬಗೆಯ ಭಾಗಗಳೊಂದಿಗೆ ಕೆಲಸ ಮಾಡುತ್ತಾರೆ ಎಂದು ಕೇಳಬೇಕು. ಉತ್ತರದಿಂದಲೇ ಅವರು ಯಾರೆಂಬುದು ತಿಳಿಯುತ್ತದೆ. ಖರೀದಿಸುವವರು ಅಂಕಿ ಕೇಳುತ್ತಾರೆ. ಕಟಿಂಗ್ ಟೂಲ್ ಮಾರುವವರು, ಪತ್ರಿಕೆಯ ಜಾಹೀರಾತು ಕೇಳುವವರು, ಮುಂದಿನ ಪ್ರದರ್ಶನಕ್ಕೆ ಮಳಿಗೆ ಕಟ್ಟಿಕೊಡುವೆವೆನ್ನುವವರು ನಮಗೇ ಮಾರಲು ಬಂದವರು. ಅವರ ಕಾರ್ಡನ್ನು ಪಡೆದು, ಪ್ರದರ್ಶನ ಮುಗಿದ ಮೇಲೆ ಕಾರ್ಖಾನೆಗೆ ಬರಲು ವಿನಯದಿಂದ ಹೇಳಿ ಎರಡು ನಿಮಿಷದಲ್ಲಿ ಬೀಳ್ಕೊಡಬೇಕು. ಯಂತ್ರಗಂಟೆಯ ದರವೆಷ್ಟು ಎಂದು ಮೊದಲ ಮಾತಿಗೇ ಕೇಳುವವನು ಹೆಚ್ಚಾಗಿ ಪಕ್ಕದ ರಸ್ತೆಯ ಪ್ರತಿಸ್ಪರ್ಧಿ. ಅವನಿಗೆ ಕಾಫಿ ಕೊಡಬಹುದು, ದರ ಕೊಡಬೇಕಾಗಿಲ್ಲ.

ನಿಜವಾದ ಗಿರಾಕಿಗೂ ಮಳಿಗೆಯಲ್ಲಿ ಬೆಲೆ ಹೇಳಬಾರದೆಂಬುದು ನನ್ನ ಗಟ್ಟಿ ಅಭಿಪ್ರಾಯ. ಡ್ರಾಯಿಂಗ್, ಲೋಹದ ದರ್ಜೆ, ವರ್ಷದ ಪ್ರಮಾಣ, ಒಂದು ಕಂತಿನ ಸಂಖ್ಯೆ, ಮೇಲ್ಮೈ ಸಂಸ್ಕರಣೆ, ತಲುಪಿಸಬೇಕಾದ ಸ್ಥಳ ಇವು ತಿಳಿಯದೆ ಹೇಳಿದ ಬೆಲೆ ಹೆಚ್ಚಾದರೆ ಮಾತು ಅಲ್ಲಿಗೇ ಮುರಿಯುತ್ತದೆ. ಕಡಿಮೆಯಾದರೆ ಆರು ತಿಂಗಳ ನಂತರ ಅದೇ ಬೆಲೆಯನ್ನು ಮುಂದೆ ಹಿಡಿಯುತ್ತಾರೆ. ಬೆಲೆಯ ಬದಲು ದಿನಾಂಕ ಹೇಳಬೇಕು: ಡ್ರಾಯಿಂಗ್ ಕೈಸೇರಿದ ಎಷ್ಟು ದಿನಗಳಲ್ಲಿ ಕೊಟೇಶನ್ ಕೊಡುತ್ತೇವೆ ಎಂಬುದನ್ನು. ಗೌಪ್ಯತಾ ಒಪ್ಪಂದಕ್ಕೆ ಮೊದಲೇ ಸಹಿ ಹಾಕಲು ಸಿದ್ಧ ಎನ್ನುವುದನ್ನೂ ಸೇರಿಸಿ ಹೇಳಿದರೆ ಎದುರಿನವರ ಮುಖದ ಬಿಗಿ ಸಡಿಲಾಗುತ್ತದೆ. ಮಾಡಲಾರದ ಕೆಲಸವನ್ನು ಮಾಡಲಾರೆವೆಂದು ಹೇಳುವುದಕ್ಕೂ ಅಂಜಬಾರದು. ಒಂದು ಮೀಟರಿಗಿಂತ ಉದ್ದದ ಭಾಗ ನಮ್ಮ ಯಂತ್ರದಲ್ಲಿ ಕೂರುವುದಿಲ್ಲವೆಂದು ಹೇಳಿ, ಅದನ್ನು ಮಾಡಬಲ್ಲ ಇನ್ನೊಂದು ಕಾರ್ಖಾನೆಯ ಹೆಸರನ್ನು ನಾವು ಯಾರಿಗೆ ಕೊಟ್ಟಿದ್ದೆವೋ ಆ ಗಿರಾಕಿಯೇ ವರ್ಷದ ನಂತರ ಚಿಕ್ಕ ಭಾಗಗಳಿಗಾಗಿ ನಮ್ಮನ್ನು ಹುಡುಕಿಕೊಂಡು ಬಂದರು.

ಇನ್ನು ಮಾತಿನ ಚೀಟಿ. ಅರ್ಧ ಹಾಳೆಯ ಈ ಚೀಟಿಯಲ್ಲಿ ಐದೇ ಸಾಲುಗಳಿರಬೇಕು: ಬಂದವರ ಹೆಸರು ಮತ್ತು ಸಂಸ್ಥೆ, ಅವರು ಕೇಳಿದ್ದು, ನಾವು ಹೇಳಿದ್ದು, ನಾವು ಮಾಡಬೇಕಾದ ಮುಂದಿನ ಕೆಲಸ, ಅದರ ದಿನಾಂಕ. ಕಾರ್ಡನ್ನು ಮೂಲೆಯಲ್ಲಿ ಸ್ಟೇಪಲ್ ಮಾಡಿ, ಮಾತನಾಡಿದವರೇ, ಮುಂದಿನವರೊಡನೆ ಮಾತಿಗೆ ತೊಡಗುವ ಮೊದಲೇ ಬರೆಯಬೇಕು. ಬರೆಯುವಾಗ ಇನ್ನೊಬ್ಬರು ಬಂದರೆ ಪಾಳಿಯ ಜೊತೆಗಾರ ಅವರನ್ನು ನೋಡಿಕೊಳ್ಳುತ್ತಾನೆ. ಒಮ್ಮೆಗೆ ಇಬ್ಬರಿರಬೇಕೆಂದದ್ದು ಅದಕ್ಕಾಗಿಯೇ. ಕೇಳಿದ್ದನ್ನು ಅವರ ಮಾತಿನಲ್ಲಿಯೇ ಬರೆದುಕೊಳ್ಳಬೇಕು. ‘ಆಸಕ್ತಿ ಇದೆ’ ಎಂದು ಬರೆದರೆ ಪ್ರಯೋಜನವಿಲ್ಲ. ‘7075 ಅಲ್ಯೂಮಿನಿಯಂ ಬ್ರ್ಯಾಕೆಟ್, ಈಗಿನ ಪೂರೈಕೆದಾರ ತಡಮಾಡುತ್ತಿದ್ದಾನೆ’ ಎಂದು ಬರೆದರೆ ಅದರಲ್ಲಿ ವ್ಯಾಪಾರವಿದೆ. ಫೋನಿನ ಆ್ಯಪಿನಲ್ಲಿ ದಾಖಲಿಸುವವರೂ ಇದ್ದಾರೆ. ಆದರೆ ಎದುರಿನವರು ಮಾತನಾಡುತ್ತಿರುವಾಗ ಫೋನು ನೋಡಿದರೆ ಅಸಡ್ಡೆಯಂತೆ ಕಾಣುತ್ತದೆ, ಪೆನ್ನು ಹಿಡಿದರೆ ಗಮನದಂತೆ ಕಾಣುತ್ತದೆ. ನಾನು ಕಾಗದವನ್ನೇ ನೆಚ್ಚಿಕೊಂಡಿದ್ದೇನೆ.

ಎಂಟನೆಯ ಹೆಜ್ಜೆ: ವಿಮಾನ ಹಾರುವ ಹೊತ್ತು

ಹಾರಾಟ ಪ್ರದರ್ಶನವು ಸಾಮಾನ್ಯವಾಗಿ ಬೆಳಗ್ಗೆ ಒಮ್ಮೆ, ಮಧ್ಯಾಹ್ನ ಒಮ್ಮೆ ಇರುತ್ತದೆ. ಸುಖೋಯ್ ಯುದ್ಧವಿಮಾನ ಮೇಲೇರಿದಾಗ ಹಾಲ್‌ನ ಗೋಡೆ ಕಂಪಿಸುತ್ತದೆ, ಮಾತು ಕೇಳಿಸದು. ಎಲ್ಲರೂ ಹೊರಗೆ ಓಡುತ್ತಾರೆ, ನಮ್ಮ ತಂಡದವರ ಕಾಲೂ ನಿಲ್ಲುವುದಿಲ್ಲ. ಮೊದಲ ದಿನ ಎಲ್ಲರಿಗೂ ಸರದಿಯ ಮೇಲೆ ಒಮ್ಮೆ ನೋಡಲು ಬಿಟ್ಟುಬಿಡಬೇಕು, ಇಲ್ಲವಾದರೆ ಐದು ದಿನವೂ ಮನಸ್ಸು ಆಕಾಶದಲ್ಲಿಯೇ ಇರುತ್ತದೆ. 2025ರಲ್ಲಿ ರಷ್ಯದ ಸು-57, ಅಮೆರಿಕದ ಎಫ್-35 ಎರಡೂ ಒಂದೇ ಪ್ರದರ್ಶನಕ್ಕೆ ಬಂದಿದ್ದಾಗ ಯಾರನ್ನಾದರೂ ತಡೆದು ನಿಲ್ಲಿಸುವುದು ಸಾಧ್ಯವಿತ್ತೇ?

ಆದರೆ ಎರಡನೆಯ ದಿನದಿಂದ ಆ ಹೊತ್ತು ನಮಗೆ ಅಮೂಲ್ಯ. ಹಾಲ್ ಖಾಲಿಯಾದಾಗ ಒಳಗೆ ಉಳಿದುಕೊಂಡವರು ಹೆಚ್ಚಾಗಿ ಕೆಲಸಕ್ಕೆಂದೇ ಬಂದವರು. ಇಪ್ಪತ್ತು ವರ್ಷಗಳಿಂದ ಪ್ಯಾರಿಸ್, ಫಾರ್ನ್‌ಬರೋ ಪ್ರದರ್ಶನಗಳಲ್ಲಿ ವಿಮಾನ ನೋಡಿ ದಣಿದ ಖರೀದಿ ವ್ಯವಸ್ಥಾಪಕರು ಆ ಅರ್ಧ ಗಂಟೆಯಲ್ಲಿ ನಿಧಾನವಾಗಿ ಸಣ್ಣ ಮಳಿಗೆಗಳನ್ನು ನೋಡುತ್ತ ನಡೆಯುತ್ತಾರೆ. ಆಗ ಮಳಿಗೆಯಲ್ಲಿ ತಂಡದ ಅತ್ಯಂತ ತಿಳಿದವರು ಇರಬೇಕು, ಊಟದ ಡಬ್ಬಿ ಮೇಜಿನ ಮೇಲೆ ಇರಬಾರದು.

ಒಂಬತ್ತನೆಯ ಹೆಜ್ಜೆ: ಮಳಿಗೆಯಿಂದ ಹೊರಗೆ

ಗಿರಾಕಿಗಳೂ ಮಳಿಗೆ ಹಾಕಿರುತ್ತಾರೆಂದು ಮೇಲೆ ಹೇಳಿದೆ. ಅವರು ತಮ್ಮ ಮಳಿಗೆ ಬಿಟ್ಟು ನಮ್ಮಲ್ಲಿಗೆ ಬರುವುದು ಕಷ್ಟ, ನಾವೇ ಹೋಗಬೇಕು. ಪಾಳಿಯಲ್ಲಿ ಇಲ್ಲದ ಇಬ್ಬರಲ್ಲಿ ಒಬ್ಬರು ಪಟ್ಟಿಯನ್ನು ಕೈಯಲ್ಲಿ ಹಿಡಿದು ದಿನಕ್ಕೆ ಐದು ಮಳಿಗೆಗಳಿಗೆ ಹೋಗುವುದು ಸಾಧ್ಯ. ಸ್ವಾಗತದ ಮೇಜಿನಲ್ಲಿ ಮಾರಾಟದವರನ್ನಲ್ಲ, ಪೂರೈಕೆ ಸರಪಳಿ ಅಥವಾ ಸೋರ್ಸಿಂಗ್ ನೋಡಿಕೊಳ್ಳುವವರನ್ನು ಕೇಳಬೇಕು. ಅವರು ಇಲ್ಲವೆಂದರೆ ಯಾವಾಗ ಬರುತ್ತಾರೆಂದು ಕೇಳಿ ಬರೆದುಕೊಳ್ಳಬೇಕು. ದೊಡ್ಡ ಕಂಪನಿಗಳಲ್ಲಿ ಬೆಳಗಿನ ಹೊತ್ತು ಅಧಿಕಾರಿಗಳು, ನಿಯೋಗಗಳು, ಒಪ್ಪಂದದ ಸಹಿಗಳಿಗೆ ಮೀಸಲು. ಸಂಜೆ ನಾಲ್ಕರ ನಂತರ, ಅದರಲ್ಲಿಯೂ ಮೂರನೆಯ ದಿನ, ಅವರು ಕುರ್ಚಿಗೆ ಒರಗಿ ಮಾತನಾಡುವ ಸ್ಥಿತಿಯಲ್ಲಿರುತ್ತಾರೆ. ಕೈಯಲ್ಲಿ ದಪ್ಪ ಕರಪತ್ರ ಬೇಡ. ಒಂದು ಹಾಳೆಯಲ್ಲಿ ಯಂತ್ರಗಳ ಪಟ್ಟಿ, ಅಳತೆಯ ಮಿತಿ, ಪ್ರಮಾಣಪತ್ರ, ಕಾರ್ಖಾನೆಯ ವಿಳಾಸ ಇದ್ದರೆ ಅದನ್ನೇ ಮಡಚಿ ಜೇಬಿನಲ್ಲಿಟ್ಟುಕೊಳ್ಳುತ್ತಾರೆ. ಕಾರ್ಖಾನೆ ನೋಡಲು ಕರೆಯುವುದು ಬೆಂಗಳೂರಿನವರಿಗೆ ಇರುವ ದೊಡ್ಡ ಅನುಕೂಲ: ವಿದೇಶಿ ಖರೀದಿದಾರ ಹೇಗೂ ಊರಿಗೆ ಬಂದಿದ್ದಾನೆ, ಪ್ರದರ್ಶನದ ಮರುದಿನ ಬೆಳಗ್ಗೆ ಎರಡು ಗಂಟೆ ಕೇಳಿದರೆ ಒಪ್ಪಿಕೊಳ್ಳುವ ಸಂಭವ ಹೆಚ್ಚು. ಹಾಗೆ ಕರೆಯುವವರು ಕಾರ್ಖಾನೆಯನ್ನು ಗುಡಿಸಿಟ್ಟೇ ಪ್ರದರ್ಶನಕ್ಕೆ ಬಂದಿರಬೇಕು ಎಂಬುದನ್ನು ಬಿಡಿಸಿ ಹೇಳಬೇಕಾಗಿಲ್ಲ.

ಹತ್ತನೆಯ ಹೆಜ್ಜೆ: ಸಂಜೆಯ ಇಪ್ಪತ್ತು ನಿಮಿಷ

ಬಾಗಿಲು ಮುಚ್ಚಿದ ಕೂಡಲೇ ಹೊರಟರೆ ರಸ್ತೆಯಲ್ಲಿ ಹೇಗೂ ನಿಲ್ಲಬೇಕು. ಆ ಹೊತ್ತನ್ನು ಮಳಿಗೆಯಲ್ಲಿಯೇ ಕಳೆದು, ನಾಲ್ವರೂ ಕುಳಿತು ದಿನದ ಚೀಟಿಗಳನ್ನು ಒಂದೊಂದಾಗಿ ಜೋರಾಗಿ ಓದಬೇಕು. ಓದುತ್ತ ಮೂರು ಕಟ್ಟು ಮಾಡಬೇಕು: ಈ ರಾತ್ರಿ ಉತ್ತರಿಸಬೇಕಾದದ್ದು, ಈ ವಾರದಲ್ಲಿ ಮಾಡಬೇಕಾದದ್ದು, ಉಳಿದದ್ದು. ಅಸ್ಪಷ್ಟವಾಗಿರುವ ಚೀಟಿಯನ್ನು ಬರೆದವರೇ ಅಲ್ಲಿ ಸರಿಪಡಿಸಬೇಕು, ಏಕೆಂದರೆ ಬೆಳಗಾಗುವಷ್ಟರಲ್ಲಿ ಮರೆತಿರುತ್ತದೆ. ಎಲ್ಲ ಚೀಟಿಗಳನ್ನೂ ಫೋನಿನಲ್ಲಿ ಚಿತ್ರ ತೆಗೆದಿಟ್ಟುಕೊಂಡರೆ ಕಳೆದುಹೋಗುವ ಭಯವಿಲ್ಲ. ಮೊದಲ ಕಟ್ಟಿನವರಿಗೆ ಅಂದೇ ರಾತ್ರಿ ನಾಲ್ಕು ಸಾಲಿನ ಮಿಂಚಂಚೆ ಹೋಗಬೇಕು. ಅದರಲ್ಲಿ ಅವರು ಕೇಳಿದ ಭಾಗದ ಹೆಸರು, ನಾವು ಹೇಳಿದ ದಿನಾಂಕ, ಗೌಪ್ಯತಾ ಒಪ್ಪಂದದ ಕರಡು ಇದ್ದರೆ ಸಾಕು. ‘ನಮ್ಮ ಮಳಿಗೆಗೆ ಭೇಟಿ ನೀಡಿದ್ದಕ್ಕೆ ಧನ್ಯವಾದ’ ಎಂದಷ್ಟೇ ಇರುವ ಪತ್ರಗಳು ಅವರಿಗೆ ಆ ವಾರ ನೂರಾರು ಬರುತ್ತವೆ.

ಸಾರ್ವಜನಿಕರ ದಿನಗಳು, ಮಳಿಗೆ ಬಿಚ್ಚುವ ದಿನ

2025ರಲ್ಲಿ ಫೆಬ್ರವರಿ 10ರಿಂದ 12ರವರೆಗಿನ ಮೂರು ದಿನ ವ್ಯಾಪಾರಕ್ಕೆ ಮೀಸಲಾಗಿದ್ದು, 13 ಮತ್ತು 14 ಸಾರ್ವಜನಿಕರಿಗೆ ತೆರೆದಿದ್ದವು. ಈ ಕೊನೆಯ ಎರಡು ದಿನ ಮಳಿಗೆಯನ್ನು ಮುಚ್ಚಿಕೊಂಡು ಹೋಗುವವರಿದ್ದಾರೆ. ನಾನು ಹಾಗೆ ಮಾಡುವುದಿಲ್ಲ. ತುಮಕೂರು, ಚಿಕ್ಕಬಳ್ಳಾಪುರ, ಮಂಡ್ಯಗಳಿಂದ ಐಟಿಐ, ಡಿಪ್ಲೊಮಾ ವಿದ್ಯಾರ್ಥಿಗಳು ಗುಂಪಾಗಿ ಬಂದು ಚೂರಿನ ಬಟ್ಟಲಿಗೆ ಕೈ ಹಾಕಿ ಪ್ರಶ್ನೆ ಕೇಳುತ್ತಾರೆ. ಐದು ಆಕ್ಸಿಸ್ ಯಂತ್ರಕ್ಕೆ ಒಳ್ಳೆಯ ಕೆಲಸಗಾರ ಸಿಗುವುದು ಎಷ್ಟು ಕಷ್ಟವೆಂದು ಬಲ್ಲವರು ಆ ಹುಡುಗ ಹುಡುಗಿಯರ ಫೋನು ಸಂಖ್ಯೆಯನ್ನೂ ಒಂದು ಚೀಟಿಯಲ್ಲಿ ಬರೆದಿಟ್ಟುಕೊಳ್ಳುತ್ತಾರೆ. ಮೇಜಿನ ಮೇಲಿನ ಚಿಕ್ಕ ಭಾಗಗಳನ್ನು ಮಾತ್ರ ಅಂದು ಗಾಜಿನ ಪೆಟ್ಟಿಗೆಯೊಳಗೆ ಇಡಬೇಕು.

ಇದೇ ಕ್ರಮ ಹೈದರಾಬಾದಿನ ಬೇಗಂಪೇಟೆಯಲ್ಲಿ ನಡೆಯುವ ನಾಗರಿಕ ವಿಮಾನಯಾನದ ವಿಂಗ್ಸ್ ಇಂಡಿಯಾಕ್ಕೂ ಹೊಂದುತ್ತದೆ. ಪ್ಯಾರಿಸ್, ದುಬೈ, ಸಿಂಗಪುರಗಳಿಗೆ ಹೋಗುವವರು ಇದರ ಜೊತೆಗೆ ಮಾದರಿ ಭಾಗಗಳನ್ನು ತಾತ್ಕಾಲಿಕವಾಗಿ ಸುಂಕವಿಲ್ಲದೆ ಒಯ್ದು ಮರಳಿ ತರಲು ಎಟಿಎ ಕಾರ್ನೆ ಎಂಬ ದಾಖಲೆಯನ್ನು ಪಡೆಯಬೇಕು. ಭಾರತದಲ್ಲಿ ಅದನ್ನು ಉದ್ಯಮಿಗಳ ಒಕ್ಕೂಟವಾದ ಎಫ್‌ಐಸಿಸಿಐ ನೀಡುತ್ತದೆ. ಸ್ಕೊಮೆಟ್ ಪಟ್ಟಿಯಲ್ಲಿರುವ ಭಾಗವಾದರೆ ಪ್ರದರ್ಶನಕ್ಕೆಂದು ಒಯ್ಯುವುದಕ್ಕೂ ಪ್ರತ್ಯೇಕ ಅನುಮತಿ ಬೇಕಾಗುತ್ತದೆ.

ಮಳಿಗೆ ಬಿಚ್ಚುವ ಸಂಜೆ ಎಲ್ಲರಿಗೂ ಅವಸರ. ಪ್ಯಾಕಿಂಗಿನ ಮರದ ಪೆಟ್ಟಿಗೆ ಬರುವುದು ತಡವಾಗುತ್ತದೆ, ದೀಪ ಆರಿಸುತ್ತಾರೆ, ಭಾಗಗಳು ಕಾಣೆಯಾಗುವುದು ಆಗಲೇ. ಮೂರು ಪ್ರತಿಯ ಪಟ್ಟಿಯನ್ನು ಕೈಯಲ್ಲಿ ಹಿಡಿದು ಒಬ್ಬರು ಎಣಿಸುತ್ತ, ಇನ್ನೊಬ್ಬರು ಪೆಟ್ಟಿಗೆಗೆ ಹಾಕುತ್ತ ಮುಗಿಸಬೇಕು. ಚೀಟಿಗಳ ಕಟ್ಟು ಪೆಟ್ಟಿಗೆಗೆ ಹೋಗಬಾರದು. ಅದು ಮಾಲೀಕರ ಕೈಚೀಲದಲ್ಲಿ ಮನೆಗೆ ಹೋಗಿ, ಸೋಮವಾರ ಬೆಳಗ್ಗೆ ಒಂಬತ್ತು ಗಂಟೆಗೆ ಕಾರ್ಖಾನೆಯ ಮೇಜಿನ ಮೇಲೆ ಎರಡನೆಯ ಕಟ್ಟಿನ ಮೊದಲ ಚೀಟಿಯಿಂದ ತೆರೆದುಕೊಳ್ಳಬೇಕು.